ಹಕ್ಕಿ ಓಡಿಸುವ ಕೆಲಸ

ಜನವರಿ 9

ಅತ್ತಿಗೆಗೆ ನಮಸ್ಕಾರ.

ಈ ಕಾಗದವನ್ನು ಮನೆಗೆ ಹಾಕದೆ ನಿಮ್ಮ ಹೊಲಿಗೆ ಅಂಗಡಿಗೆ ಹಾಕುತ್ತಿದ್ದೇನೆ. ಮನೆಗೆ ಹಾಕಿದರೆ ನನ್ನ ಅಕ್ಷರ ಕಂಡ ಕೂಡಲೇ ಅಣ್ಣ ಎರಡು ಚೂರು ಮಾಡುತ್ತಾನೆ. ಫೋನು ಮಾಡೋಣವೆಂದರೆ ಇಲ್ಲಿ ಸಿಗ್ನಲ್ ಸಿಗಲು ನೀರಿನ ಟ್ಯಾಂಕ್ ಹತ್ತಬೇಕು. ಹತ್ತಿ ಮಾಡಿದರೂ ಎತ್ತುವವನು ಅವನೇ.

ನಾನು ಚೆನ್ನಾಗಿದ್ದೇನೆ. ಹಳೆಯ ಮೀನು ಫಾರಂನ ಕಾವಲು ಕೋಣೆಯೇ ಈಗ ನನ್ನ ಮನೆ, ಆಫೀಸು, ಅಡುಗೆಮನೆ ಎಲ್ಲ. ಅಣ್ಣನ ಟೋಪಿ ಬಾಗಿಲ ಹಿಂದಿನ ಮೊಳೆಯಲ್ಲಿ ಇನ್ನೂ ಹಾಗೇ ಇದೆ. ಎಷ್ಟು ವರ್ಷ ಅವನು ತಗಡಿನ ಡಬ್ಬ ಬಡಿಯುತ್ತ ಈ ಕೊಳಗಳ ಏರಿಯ ಮೇಲೆ ಓಡಾಡಿ, ಮೀನು ಕದಿಯಲು ಬಂದ ಹಕ್ಕಿಗಳನ್ನೆಲ್ಲ ಓಡಿಸಿದ. ಈಗ ಫಾರಂ ಮುಚ್ಚಿ, ಜಮೀನು ವನ್ಯಜೀವಿ ಇಲಾಖೆಯ ಕೈಗೆ ಬಂದು, ಅದೇ ಹಕ್ಕಿಗಳನ್ನು ವಾಪಸ್ ಕರೆಯುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಅವನಿಗೆ ಸಿಟ್ಟು ಬಂದದ್ದು ತಪ್ಪಲ್ಲ. "ನನ್ನ ಕೆಲಸ ನುಂಗಿದವರ ಹತ್ರಾನೇ ಹೋಗಿ ಸೇರ್ಕೊಂಡೆಯಲ್ಲೋ" ಎಂದವನು ಆಮೇಲೆ ಮಾತೇ ಆಡಲಿಲ್ಲ. ಚಿಕ್ಕಂದಿನಲ್ಲಿ ನನಗೆ ಗುಬ್ಬಿ ಅಂತ ಹೆಸರಿಟ್ಟವನು ಅವನು. ಕೊನೆಗೆ ಓಡಿಸಿದವನೂ ಅವನೇ ನೋಡಿ.

ಕೆಲಸ ಕೈತುಂಬ ಇದೆ. ಕೊಳಗಳ ಮೇಲೆ ಹರಡಿದ್ದ ಬಲೆಗಳನ್ನು ಬಿಚ್ಚಿದೆವು. ಹಕ್ಕಿಗಳಿಗೆ ಕಾಲೂರಲು ಆಳವಿಲ್ಲದ ನೀರು ಬೇಕು, ಅದಕ್ಕೆ ಕಡಿದಾದ ದಡಗಳನ್ನು ಕೆರೆದು ಇಳಿಜಾರು ಮಾಡಿದೆವು. ಮೂರನೆಯ ಕೊಳದ ನಡುವೆ ಮಣ್ಣು ಸುರಿದು ನಡುಗಡ್ಡೆ ಮಾಡಿ ಜೊಂಡು, ಪೊದೆ ನೆಟ್ಟಿದ್ದೇವೆ. ಈಚೆ ದಡದಲ್ಲಿ ಜನರ ಓಡಾಟಕ್ಕೆ ಬಡಗಿಯೊಬ್ಬ ಹಲಗೆಯ ಹಾದಿ ಹಾಕುತ್ತಿದ್ದಾನೆ. ಹಾದಿಯ ತುದಿಯಲ್ಲಿ ಕಂಡಿ ಬಿಟ್ಟ ಒಂದು ಮರೆಗೋಡೆ. ಅದರ ಹಿಂದೆ ನಿಂತರೆ ನಮಗೆ ಹಕ್ಕಿ ಕಾಣುತ್ತದೆ, ಹಕ್ಕಿಗೆ ನಾವು ಕಾಣುವುದಿಲ್ಲ.

ಊರಿನವರೆಲ್ಲ ಇಷ್ಟು ವರ್ಷ ಈ ನೀರನ್ನು ಮುಳ್ಳುತಂತಿಯ ಆಚೆಯಿಂದಲೇ ನೋಡಿದರು. ಅವರಿಗೆಲ್ಲ ಗೇಟು ತೆರೆಯುವ ದಿನ ಮೊದಲು ಒಳಗೆ ಬರಬೇಕಾದವನು ಅಣ್ಣ ಅಂತ ನನ್ನ ಆಸೆ. ಈಗಲೇ ಅವನಿಗೆ ಹೇಳಬೇಡಿ.

ನಿಮ್ಮ
ಗುಬ್ಬಿ


ಜನವರಿ 18

ಗುಬ್ಬೀ,

ನಿನ್ನ ಕಾಗದ ಕೈಗೆ ಕೊಡುವಾಗ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವವಳು ಹುಬ್ಬು ಹಾರಿಸಿದಳು, ಈ ವಯಸ್ಸಿನಲ್ಲಿ ನನಗೆ ಕಾಗದ ಬರೆಯುವವರು ಯಾರಪ್ಪಾ ಅಂತ. ನನ್ನ ಮೈದುನ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಒಂದು ಒಳ್ಳೆಯ ಸುದ್ದಿ. ನಿನ್ನ ಅಣ್ಣನಿಗೆ ಕೆಲಸ ಸಿಕ್ಕಿತು. ಊರಾಚೆ ಯಾವುದೋ ಗೋದಾಮಿನ ಕಾವಲಂತೆ. ಬೆಳಗಿನ ಮೊದಲ ಬಸ್ಸಿಗೆ ಬುತ್ತಿ ಹಿಡಿದು ಹೊರಡುತ್ತಾರೆ, ಮಧ್ಯಾಹ್ನ ಕಳೆದ ಮೇಲೆ ಬರುತ್ತಾರೆ. ಫಾರಂ ಮುಚ್ಚಿದಾಗಿನಿಂದ ಕಿಟಕಿ ಪಕ್ಕ ಕೂತು ಎದುರು ಮನೆಯ ಗೋಡೆ ದಿಟ್ಟಿಸುತ್ತಿದ್ದ ಮನುಷ್ಯ ಈಗ ಗಡ್ಡ ಹೆರೆದುಕೊಳ್ಳುವಾಗ ಏನೋ ಗುನುಗುತ್ತಾರೆ. ಮೊನ್ನೆ ಅಡುಗೆಮನೆಗೆ ಬಂದು ಉಪ್ಪಿನ ಡಬ್ಬ ಎಲ್ಲಿದೆ ಅಂತ ಕೇಳಿದರು. ಮದುವೆಯಾದ ಮೇಲೆ ಇದೇ ಮೊದಲು. ಸಂಬಳದ ಮಾತೆತ್ತಿದರೆ "ತಿಂಗಳು ತುಂಬ್ಲಿ, ಏನವಸರ" ಅಂತಾರೆ. ನಾನೂ ಕೆದಕಲಿಲ್ಲ. ಮನುಷ್ಯ ನಗುವಾಗ ಲೆಕ್ಕ ಕೇಳಬಾರದು ಅನ್ನಿಸಿತು.

ಗೇಟಿನ ವಿಷಯ ಬಾಯಿಬಿಟ್ಟಿಲ್ಲ. ಹೊಸ ಕೆಲಸದಲ್ಲಿ ಆ ಕೊಳಗಳನ್ನು ಮರೆಯಲಿ, ಆಮೇಲೆ ನೋಡೋಣ. ನೀನು ಹೊಟ್ಟೆಗೆ ಸರಿಯಾಗಿ ತಿನ್ನು. ನಿನ್ನ ಅಡುಗೆ ನಾನು ಉಂಡಿದ್ದೇನೆ, ಅದಕ್ಕೇ ಈ ಮಾತು.

ನಿನ್ನ ಅತ್ತಿಗೆ


ಫೆಬ್ರವರಿ 4

ಅತ್ತಿಗೆಗೆ,

ಅಣ್ಣನ ಸುದ್ದಿ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಅವನ ಕೆಲಸ ಹೋದದ್ದಕ್ಕೆ ನಾನು ಕಾರಣನಲ್ಲ ಅಂತ ಗೊತ್ತಿದ್ದರೂ ಈ ಕೋಣೆಯಲ್ಲಿ ಅವನ ಟೋಪಿಯ ಎದುರು ಕೂತು ಉಣ್ಣುವುದು ಕಷ್ಟವಾಗುತ್ತಿತ್ತು. ಇನ್ನು ಅವನಿಗೆ ಕೊಳ ಬೇಡ, ನನಗೆ ಅಪರಾಧಿ ಮುಖ ಬೇಡ.

ಇಲ್ಲಿ ಎಲ್ಲ ಚೆನ್ನಾಗಿ ನಡೆದಿದೆ. ಕೊಕ್ಕರೆಗಳು ಬಂದಿವೆ ಅತ್ತಿಗೆ. ನೀರುಕಾಗೆಗಳೂ ಬಂದಿವೆ. ಸಂಜೆ ಹೊತ್ತು ಮೂರನೆಯ ಕೊಳದ ನಡುಗಡ್ಡೆ ಬಿಳಿ, ಕಪ್ಪು ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ. ಕೆಲವು ಕೊಕ್ಕಿನಲ್ಲಿ ಕಡ್ಡಿ ಹಿಡಿದು ಓಡಾಡುತ್ತಿವೆ. ಕಡ್ಡಿ ಹಿಡಿದರೆ ಗೂಡಿನ ಯೋಚನೆ ಇದೆ ಅಂತ ಅರ್ಥ.

ಬೆಳಿಗ್ಗೆ ಮಾತ್ರ ಯಾಕೋ ಎಲ್ಲ ಒಟ್ಟಿಗೆ ಎದ್ದು ಹಾರಿಬಿಡುತ್ತವೆ. ಸಂಜೆಗೆ ಮತ್ತೆ ಬರುತ್ತವೆ. ಹೊಸ ಜಾಗ, ಅಭ್ಯಾಸವಾಗಲು ದಿನ ಬೇಕು. ಚಿಂತೆಯೇನಿಲ್ಲ.

ಗುಬ್ಬಿ


ಫೆಬ್ರವರಿ 12

ಗುಬ್ಬೀ,

ಚಿಂತೆಯೇನಿಲ್ಲ ಅಂತ ನೀನು ಬರೆದರೆ ನನಗೆ ಚಿಂತೆ ಶುರುವಾಗುತ್ತದೆ. ಚಿಕ್ಕಂದಿನಲ್ಲಿ ಕಾಲು ಮುರಿದುಕೊಂಡು ಬಂದಾಗಲೂ ಅದನ್ನೇ ಅಂದಿದ್ದೆಯಂತೆ.

ಇಲ್ಲಿ ನನಗೇ ಒಂದು ತಲೆಬುಡ ತಿಳಿಯದ ಸಂಗತಿ ಇದೆ. ನಗಬೇಡ. ನಿನ್ನ ಅಣ್ಣನ ಪ್ಯಾಂಟು ಒಗೆಯುವಾಗ ಅಂಚಿನಲ್ಲಿ ಹಸಿರು ಪಾಚಿ. ಒಂದು ದಿನವಲ್ಲ, ದಿನಾ. ಬೂಟಿನ ತಳದಲ್ಲಿ ಕೆಸರು. ಬಾಗಿಲು ಹಾಕಿದ ಗೋದಾಮಿನಲ್ಲಿ ಪಾಚಿ ಎಲ್ಲಿಂದ ಬಂತು? ಕೇಳಿದರೆ "ಅಲ್ಲೆಲ್ಲಾ ನೀರು ಸೋರುತ್ತೆ" ಅಂದರು. ಮಳೆಯಿಲ್ಲದ ತಿಂಗಳಲ್ಲಿ ಏನು ಸೋರುತ್ತದೋ.

ಕಾಜಾ ಹಾಕುವವಳ ಹತ್ತಿರ ಹೇಳಿಕೊಂಡದ್ದೇ ತಪ್ಪಾಯಿತು. ಎಲ್ಲೋ ಹೊಳೆ ದಂಡೆಯಲ್ಲಿ ಇನ್ನೊಂದು ಸಂಸಾರ ಇರಬೇಕು ಅಂದಳು. ನಕ್ಕುಬಿಟ್ಟೆ. ಆಮೇಲೆ ಆ ದಿನವೆಲ್ಲ ಒಂದೇ ಜಾಕೀಟಿನ ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದೆ. ನಿನ್ನ ಅಣ್ಣನ ನಗುವಿಗೆ ಕಾರಣ ನಾನಲ್ಲ ಅನ್ನುವುದು ಗೊತ್ತಿತ್ತು. ಯಾರು ಅಂತ ಗೊತ್ತಿಲ್ಲದಿರುವುದು ಈಗ ಚುಚ್ಚುತ್ತಿದೆ.

ನಿನಗೆ ಏನಾದರೂ ಗೊತ್ತಿದ್ದರೆ ಮುಚ್ಚಿಡಬೇಡ.

ಅತ್ತಿಗೆ


ಫೆಬ್ರವರಿ 19

ಅತ್ತಿಗೆಗೆ,

ನಗಬೇಡ ಅಂದಿರಿ, ಆದರೂ ನಕ್ಕೆ. ನಿಮ್ಮ ಎದುರು ಬಾಯಿಬಿಡಲು ಅಣ್ಣನಿಗೆ ಮದುವೆಯಾದ ಮೇಲೆ ಒಂದು ವರ್ಷ ಬೇಕಾಯಿತು. ಇನ್ನೊಂದು ಸಂಸಾರ ಕಟ್ಟುವಷ್ಟು ಮಾತು ಅವನಲ್ಲಿ ಎಲ್ಲಿದೆ? ಗೋದಾಮಿನ ಹಿಂದೆ ಚರಂಡಿ ಇರಬೇಕು, ಅಷ್ಟೇ. ಆ ಕಾಜಾದವಳಿಗೆ ಬೇರೆ ಕೆಲಸ ಕೊಡಿ.

ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಇಲ್ಲಿ ಚೆನ್ನಾಗಿ ನಡೆದಿಲ್ಲ. ಹಕ್ಕಿಗಳು ದಿನಾ ಬೆಳಿಗ್ಗೆ ಹಾರಿಹೋಗುತ್ತಿವೆ. ಅರ್ಧ ಕಟ್ಟಿದ ಗೂಡುಗಳಿಂದ ಕಡ್ಡಿ ಉದುರಿ ನೀರಲ್ಲಿ ತೇಲುತ್ತಿದೆ. ಇಲಾಖೆಯ ದೊಡ್ಡ ಸಾಹೇಬರು ಬಂದು ನೋಡಿ, ನನ್ನ ಹಲಗೆಯ ಹಾದಿಯೇ ಇದಕ್ಕೆಲ್ಲ ಮೂಲ ಅಂದರು. ಈ ಸಲ ಗೂಡು ಕಟ್ಟಿ ಮೊಟ್ಟೆ ಇಡದಿದ್ದರೆ ಹಾದಿ ಕಿತ್ತು, ಗೇಟಿಗೆ ಬೀಗ ಜಡಿದು, ಜನರಿಗೆ ಪ್ರವೇಶವೇ ಇಲ್ಲ ಅಂತ ಫಲಕ ಹಾಕುತ್ತಾರಂತೆ. ಮತ್ತೆ ಅದೇ ಮುಳ್ಳುತಂತಿ. ಅಷ್ಟಕ್ಕೆ ನಾನು ಅಣ್ಣನನ್ನು ಕಳೆದುಕೊಂಡು ಇಲ್ಲಿಗೆ ಬರಬೇಕಿತ್ತೇ ಅನ್ನಿಸುತ್ತಿದೆ.

ನಾಯಿಯೋ, ಗಿಡುಗವೋ, ಮನುಷ್ಯನೋ ತಿಳಿಯದು. ಆ ಹೊತ್ತಿಗೆ ನಾನು ಇನ್ನೊಂದು ತುದಿಯಲ್ಲಿ ನೀರೆತ್ತುವ ಮೋಟರಿನ ಬಳಿ ಇರುತ್ತೇನೆ, ಅದರ ಗದ್ದಲದಲ್ಲಿ ಪ್ರಪಂಚ ಮುಳುಗಿದರೂ ಕೇಳಿಸದು. ಬಡಗಿ ಒಂದು ದಿನ ಬೇಗ ಬಂದವನು ಆಚೆ ಏರಿಯ ಕಡೆ ಸದ್ದು ಕೇಳಿದನಂತೆ. ಜೋಡಿ ಏಟು ಎರಡು ಸಲ, ಸ್ವಲ್ಪ ತಡೆದು ಒಂಟಿ ಏಟು ಒಂದು. ಮರಕುಟಿಗ ಇರಬೇಕು ಅಂದ. ಮರವೇ ಇಲ್ಲದ ಏರಿಯಲ್ಲಿ ಮರಕುಟಿಗ!

ಮಾರ್ಚ್ ಮೊದಲ ಸೋಮವಾರ ಮರೆಗೋಡೆಯ ಹಿಂದೆ ಕಾದು ಕೂರುತ್ತೇನೆ. ಮನುಷ್ಯನಾಗಿದ್ದರೆ ಹಿಡಿದು ಪೊಲೀಸರಿಗೆ ಒಪ್ಪಿಸಿ ಅಂತ ಸಾಹೇಬರ ಅಪ್ಪಣೆ. ಇಬ್ಬರು ಗಾರ್ಡುಗಳನ್ನೂ ಕಳಿಸುತ್ತಾರೆ.

ಗುಬ್ಬಿ


ಫೆಬ್ರವರಿ 24

ಗುಬ್ಬೀ,

ಕಾದು ಕೂರುವ ಯೋಚನೆ ಬಿಡು. ಬೆಳಗಿನ ಚಳಿ ನಿನ್ನ ಎದೆಗೆ ಆಗುವುದಿಲ್ಲ. ಜೊಂಡಿನಲ್ಲಿ ಹಾವೂ ಇರುತ್ತವೆ. ಹಕ್ಕಿಗಳು ತಾವಾಗಿಯೇ ಸರಿಹೋಗುತ್ತವೆ. ಗಾರ್ಡುಗಳನ್ನಂತೂ ಕರೆಯಬೇಡ, ಅವರಿಗೆ ಹೊಡೆಯುವುದೊಂದೇ ಗೊತ್ತು.

ನನ್ನ ಮಾತು ಕೇಳು. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಅತ್ತಿಗೆ


ಮಾರ್ಚ್ 1

ಅತ್ತಿಗೆಗೆ,

ನನ್ನ ಕೆಮ್ಮಿನ ಚಿಂತೆ ಬೇಡ, ಕಂಬಳಿ ಹೊದ್ದು ಕೂರುತ್ತೇನೆ. ಬೇರೆ ಎಲ್ಲದಕ್ಕೂ ನಿಮ್ಮ ಮಾತು ಕೇಳುತ್ತೇನೆ, ಇದೊಂದನ್ನು ಬಿಡಿ. ಇದು ನನ್ನ ಗೇಟಿನ ಪ್ರಶ್ನೆ.

ಗುಬ್ಬಿ


ಮಾರ್ಚ್ 4

ಗುಬ್ಬೀ,

ನಿನ್ನ ಕಾಗದ ಇವತ್ತು ಸಿಕ್ಕಿತು. ಸೋಮವಾರ ಆಗಲೇ ಕಳೆದಿದೆ. ಏನಾಯಿತೋ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ಅದು ನಿನ್ನ ಅಣ್ಣ.

ಜೋಡಿ ಏಟು ಎರಡು, ಒಂಟಿ ಒಂದು ಅಂತ ನೀನು ಬರೆದದ್ದನ್ನು ಓದಿದಾಗಲೇ ಗೊತ್ತಾಯಿತು. ಟೀ ತಡವಾದರೆ ಮೇಜಿನ ಮೇಲೆ ಬೆರಳಲ್ಲಿ ಹಾಗೇ ಬಡಿಯುವವರು ಅವರು. ನೀನು ಹೇಗೆ ಗುರುತಿಸಲಿಲ್ಲವೋ! ಕುರ್ಚಿ ಹಾಕಿ ಹತ್ತಿ ಬೀರುವಿನ ಮೇಲೆ ನೋಡಿದೆ. ಫಾರಂ ಮುಚ್ಚಿದ ಮೇಲೆ ಅವರು ಅಲ್ಲಿಟ್ಟಿದ್ದ ತಗಡಿನ ಡಬ್ಬ ಇಲ್ಲ. ಅವರು ಹತ್ತುವ ಬೆಳಗಿನ ಬಸ್ಸು ನಿಮ್ಮ ಕೊಳಗಳ ಮುಂದೆಯೇ ಹಾದುಹೋಗುತ್ತದೆ ಅನ್ನುವುದು ಆಮೇಲೆ ಹೊಳೆಯಿತು.

ಕಳೆದ ಕಾಗದದಲ್ಲೇ ಹೇಳಬೇಕಿತ್ತು. ಮೊದಲು ಅವರನ್ನೇ ಕೇಳೋಣ ಅಂದುಕೊಂಡೆ. ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಗೋದಾಮಿನ ಬೀಗದ ಕತೆ ಶುರು ಮಾಡಿದರು. ಬೀಗ ತುಕ್ಕು ಹಿಡಿದಿದೆಯಂತೆ, ಇವರು ಎಣ್ಣೆ ಬಿಟ್ಟರಂತೆ, ಮಾಲೀಕ ಬೆನ್ನು ತಟ್ಟಿದನಂತೆ. ಜೀವಮಾನದಲ್ಲಿ ಅವರು ಅಷ್ಟು ಮಾತಾಡಿದ್ದು ನಾನು ಕೇಳಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ ಸುಳ್ಳನ್ನು ಹೇಗೆ ಬೀಳಿಸಲಿ? "ಒಳ್ಳೇದಾಯ್ತು ಬಿಡಿ" ಅಂದೆ.

ಇನ್ನೊಂದು ಸಂಸಾರ ಇಲ್ಲ ಅಂತ ನೆಮ್ಮದಿಯೂ ಆಯಿತು, ಅಳುವೂ ಬಂತು. ಅವರನ್ನು ಪೊಲೀಸರಿಗೆ ಕೊಡಬೇಡ.

ಅತ್ತಿಗೆ


ಮಾರ್ಚ್ 4

ಅತ್ತಿಗೆಗೆ,

ಸೋಮವಾರ ಕಾದು ಕೂತೆ. ಯಾರೂ ಬರಲಿಲ್ಲ. ಗಿಡುಗ ಇರಬೇಕು. ಸಾಹೇಬರಿಗೂ ಹಾಗೇ ಹೇಳಿ ಗಾರ್ಡುಗಳನ್ನು ವಾಪಸ್ ಕಳಿಸಿದೆ. ನೀವು ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಅಣ್ಣನ ಗೋದಾಮಿನ ಕೆಲಸ ಚೆನ್ನಾಗಿ ನಡೆಯಲಿ.

ಗುಬ್ಬಿ


ಮಾರ್ಚ್ 9

ಅತ್ತಿಗೆಗೆ,

ನಿಮ್ಮ ಕಾಗದ, ನನ್ನ ಕಾಗದ ದಾರಿಯಲ್ಲಿ ಮುಖಾಮುಖಿಯಾಗಿರಬೇಕು. ಗಿಡುಗ ಅಂತ ಬರೆದದ್ದು ಸುಳ್ಳು. ನಿಮಗೆ ನೋವಾಗಬಾರದು ಅಂತ ಬರೆದೆ. ನೀವೂ ಅದಕ್ಕೇ ಬಾಯಿ ಹೊಲಿದುಕೊಂಡಿದ್ದಿರಿ. ಚೆನ್ನಾಗಿದೆ ನಮ್ಮ ಮನೆತನ.

ಅವತ್ತು ಗಾರ್ಡುಗಳನ್ನು ಗೇಟಿನ ಬಳಿ ಟೀ ಕುಡಿಯಲು ಬಿಟ್ಟು ನಾನೊಬ್ಬನೇ ಮರೆಗೋಡೆಯ ಹಿಂದೆ ಕೂತಿದ್ದೆ. ಬಡಗಿ ಏಟಿನ ಲೆಕ್ಕ ಹೇಳಿದಾಗಲೇ ನನ್ನೊಳಗೆ ಏನೋ ಮಿಸುಕಿತ್ತು, ನಾನೇ ಅದುಮಿ ಕೂರಿಸಿದ್ದೆ. ಅಣ್ಣ ತಂತಿಯ ಹರಿದ ಜಾಗದಿಂದ ಒಳಗೆ ಬಂದ. ಏರಿಯ ಮೇಲೆ ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡ, ಡ್ಯೂಟಿಗೆ ಬಂದವರ ಹಾಗೆ. ಬುತ್ತಿಯನ್ನು ಕಲ್ಲಿನ ಮೇಲಿಟ್ಟ. ತಗಡು ಬಡಿಯುತ್ತ ಮೊದಲ ಕೊಳ, ಎರಡನೆಯ ಕೊಳ ದಾಟಿ ಮೂರನೆಯದಕ್ಕೆ ಬಂದ. ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಅವು ಮರೆಯಾಗುವವರೆಗೂ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ಆಮೇಲೆ ಕೂತು ಬುತ್ತಿ ಬಿಚ್ಚಿದ.

ಮೊದಲು ನನಗೆ ಮೈಯೆಲ್ಲ ಉರಿಯಿತು. ನನ್ನ ಮೇಲಿನ ಹಗೆಗೆ ಹೀಗೆ ಮಾಡುತ್ತಿದ್ದಾನೆ ಅಂದುಕೊಂಡೆ. ಆದರೆ ಹಗೆ ಇಟ್ಟವನ ಮುಖ ಹಾಗಿರುವುದಿಲ್ಲ ಅತ್ತಿಗೆ. ಅವನ ಮುಖದಲ್ಲಿ ಕೆಲಸ ಮುಗಿಸಿದವರ ನಿರಾಳ ಇತ್ತು. ಕೊಳದಲ್ಲಿ ಕಾಯಬೇಕಾದ ಸಾಕುಮೀನು ಈಗ ಇಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲವೇ? ಗೊತ್ತಿದೆ. ಮತ್ತೆ ಯಾರ ಸಲುವಾಗಿ ಓಡಿಸುತ್ತಾನೆ? ನನಗೆ ಅರ್ಥವಾಗಲಿಲ್ಲ. ಎದ್ದು ಹೋಗಿ ಮಾತಾಡಲೂ ಆಗಲಿಲ್ಲ.

ಅವನನ್ನು ತಡೆದರೆ ಮತ್ತೆ ಆ ಕಿಟಕಿ, ಆ ಗೋಡೆ. ಬಿಟ್ಟರೆ ನನ್ನ ಗೇಟು ಹೋಯಿತು. ಏನು ಮಾಡಲಿ ಹೇಳಿ.

ಗುಬ್ಬಿ


ಮಾರ್ಚ್ 15

ಗುಬ್ಬೀ,

ಏನು ಮಾಡಲಿ ಅಂತ ನನ್ನನ್ನು ಕೇಳುತ್ತೀಯಲ್ಲ, ನನಗೆ ಗೊತ್ತಿದ್ದರೆ ನಿನ್ನ ಕಾಗದಕ್ಕೆ ಕಾಯುತ್ತಿದ್ದೆನೇ?

ನನಗೆ ತೋಚಿದ್ದನ್ನು ಮಾಡಿದೆ. ಅವರು ಕೆಲಸದಿಂದ ಬಂದು ಮಲಗಿದ್ದಾಗ ಬುತ್ತಿಯ ಚೀಲದಿಂದ ತಗಡಿನ ಡಬ್ಬ ತೆಗೆದು ಅಂಗಡಿಯಲ್ಲಿ ಬಟ್ಟೆ ಚೂರುಗಳ ಮೂಟೆಯೊಳಗೆ ಬಚ್ಚಿಟ್ಟೆ. ಬೆಳಿಗ್ಗೆ ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ಅಕ್ಕಪಕ್ಕದಲ್ಲೆಲ್ಲ ಹುಡುಕಿದರು. ಏನು ಹುಡುಕುತ್ತಿದ್ದೀರಿ ಅಂದೆ. "ಏನಿಲ್ಲ, ಗೋದಾಮಿನ ಕೀಲಿ" ಅಂದರು. ಸಿಕ್ಕಿತಾ ಅಂದರೆ ಇಲ್ಲ ಅಂದರು. ಇನ್ನು ಹೋಗುವುದಿಲ್ಲ ಅಂದುಕೊಂಡೆ. ಬಸ್ಸು ಬರುವ ಹೊತ್ತಿಗೆ ಬುತ್ತಿ ಎತ್ತಿಕೊಂಡು, ತಿರುಗಿ ಬಂದು, ಒಂದು ಚಮಚ ಜೇಬಿಗೆ ಹಾಕಿಕೊಂಡು ಹೊರಟೇಹೋದರು.

ಸಂಜೆ ಬಂದಾಗ ಬುತ್ತಿಯ ಡಬ್ಬಿಯ ತಳವೆಲ್ಲ ನೆಗ್ಗಿತ್ತು. ಚಮಚದ ಕತ್ತು ಸೊಟ್ಟಗಾಗಿತ್ತು. ನಾನು ಸುಮ್ಮನೆ ತೊಳೆದಿಟ್ಟೆ.

ನಿನ್ನ ಗೇಟಿನ ಬೆಲೆ ನನಗೆ ಗೊತ್ತು. ತಡೆಯಲೇಬೇಕು ಅನ್ನಿಸಿದರೆ ತಡೆ, ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ತಡೆಯುವ ಮಾತನ್ನು ನನ್ನ ಬಾಯಿಂದ ಆಡಿಸಬೇಡ.

ಅತ್ತಿಗೆ


ಏಪ್ರಿಲ್ 6

ಅತ್ತಿಗೆಗೆ,

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ನಾನು ತಡೆಯಲಿಲ್ಲ. ಮೋಟರಿನ ಕೆಲಸ ಬೇರೆಯವನಿಗೆ ಹಚ್ಚಿ ದಿನಾ ಬೆಳಿಗ್ಗೆ ಮರೆಗೋಡೆಯ ಹಿಂದೆ ಹೋಗಿ ಕೂರುತ್ತಿದ್ದೆ. ಇವತ್ತು ಎದುರು ಹೋಗೋಣ, ನಾಳೆ ಹೋಗೋಣ ಅಂತ ಮುಂದೂಡುತ್ತಿದ್ದೆ. ಸಾಹೇಬರಿಗೆ ಗಿಡುಗದ ಕತೆಯನ್ನೇ ಹೇಳುತ್ತಿದ್ದೆ. ಗಿಡುಗ ಈಗ ಆಫೀಸಿನಲ್ಲಿ ಹೆಸರುವಾಸಿ.

ನಿನ್ನೆ ಅಣ್ಣ ಎಂದಿನಂತೆ ಬಂದ. ಡಬ್ಬಿ, ಚಮಚ ಹಿಡಿದು ಮೂರನೆಯ ಕೊಳದ ಬಳಿ ನಿಂತು ಬಡಿದ. ಒಂದು ಹಕ್ಕಿಯೂ ಏಳಲಿಲ್ಲ. ಮತ್ತೆ ಬಡಿದ, ಜೋರಾಗಿ. ಒಂದು ಕೊಕ್ಕರೆ ಕತ್ತೆತ್ತಿ ಅವನ ಕಡೆ ನೋಡಿ, ತನ್ನ ಗೂಡಿನ ಕಡ್ಡಿ ಸರಿಮಾಡಿಕೊಂಡಿತು. ಅವನು ಡಬ್ಬಿಯನ್ನು ಮಗುಚಿ ನೋಡಿದ, ಅದರಲ್ಲೇನೋ ದೋಷ ಇದೆಯೇನೋ ಅನ್ನುವ ಹಾಗೆ. ಮೊಣಕಾಲುದ್ದ ನೀರಿಗಿಳಿದು ಬಡಿದ. ಕೊನೆಗೆ ದಡಕ್ಕೆ ಬಂದು ಹಾಗೇ ಕುಕ್ಕರಿಸಿದ.

ಅದನ್ನು ನೋಡುತ್ತ ಮರೆಯಲ್ಲಿ ಕೂರಲು ನನ್ನಿಂದಾಗಲಿಲ್ಲ. ಏರಿ ಸುತ್ತಿ ಹೋಗಿ ಪಕ್ಕದಲ್ಲಿ ಕೂತೆ. ಅವನು ಬೆಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ.

"ಏಳ್ತಿಲ್ಲ ಕಣೋ" ಅಂದ.

"ಹೂಂ" ಅಂದೆ.

"ಮೊನ್ನೆವರೆಗೂ ಒಂಚೂರು ಎದ್ದು ಅಲ್ಲೇ ಕೂತ್ಕೋತಿದ್ವು. ಇವತ್ತು ಅದೂ ಇಲ್ಲ. ನನ್ನ ಕೈ ಸೋತೋಯ್ತು ಅನ್ಸುತ್ತೆ."

ಅವನಿಗೆ ಹೇಳಬೇಕು ಅಂತ ಎಷ್ಟು ಮಾತು ಜೋಡಿಸಿಟ್ಟಿದ್ದೆ. ಗೇಟು, ಹಾದಿ, ಸಾಹೇಬರು, ನನ್ನ ಸಿಟ್ಟು. ಒಂದೂ ಹೊರಗೆ ಬರಲಿಲ್ಲ. "ಕೈ ಏನೂ ಸೋತಿಲ್ಲ ಅಣ್ಣ. ನೀನು ದಿನಾ ಬರ್ತೀಯಲ್ಲ, ಅವಕ್ಕೆ ನಿನ್ನ ಗುರುತು ಸಿಕ್ಕಿರ್ಬೇಕು" ಅಂದೆ.

ಅವನು ನಡುಗಡ್ಡೆಯ ಗೂಡುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಬುತ್ತಿ ಬಿಚ್ಚಿ ಅರ್ಧ ನನ್ನ ಕಡೆ ತಳ್ಳಿದ. ಉಂಡೆವು. ಎದ್ದು ಹೊರಡುವಾಗ ಹೆಗಲ ಮೇಲೆ ಕೈಯಿಟ್ಟು ಅಂದ, "ನಿಮ್ಮತ್ತಿಗೆಗೆ ಹೇಳ್ಬೇಡ."

"ಏನನ್ನ?"

"ಕೆಲಸ ಹೋಯ್ತು ಅಂತ."

ಇವತ್ತು ಸಾಹೇಬರು ಬಂದು ಗೂಡುಗಳನ್ನು ನೋಡಿ ಖುಷಿಪಟ್ಟರು. ಮೊಟ್ಟೆ ಇವೆ. ಮುಂದಿನ ತಿಂಗಳು ಗೇಟು ತೆರೆಯುತ್ತದೆ, ಹಾದಿ ಉಳಿಯಿತು. ಇಷ್ಟು ದಿನ ಇದಕ್ಕೇ ಕಾದಿದ್ದೆ. ಈಗ ಕುಣಿಯಬೇಕೋ ಅಳಬೇಕೋ ತಿಳಿಯದೆ ಅಣ್ಣನ ಟೋಪಿಯ ಎದುರು ಕೂತು ನಿಮಗೆ ಬರೆಯುತ್ತಿದ್ದೇನೆ. ಹೇಳಬೇಡ ಅಂದಿದ್ದಾನೆ, ಆದರೂ.

ಗುಬ್ಬಿ


ಏಪ್ರಿಲ್ 11

ಗುಬ್ಬೀ,

ನೀನು ನನಗೆ ಏನೂ ಹೇಳಿಲ್ಲ. ನಾನೂ ಏನೂ ಓದಿಲ್ಲ. ಹಾಗೇ ಇರಲಿ.

ಅವತ್ತಿನಿಂದ ಐದು ದಿನ ಅವರು ಕಿಟಕಿಯ ಹತ್ತಿರವೇ ಇದ್ದರು. ಗೋದಾಮಿಗೆ ರಜೆ ಅಂದರು. ನಿನ್ನೆ ಸಂಜೆ ಬಟ್ಟೆ ಮಡಚುತ್ತ, "ಅಲ್ಲಿ ಕೆಲಸ ಹೇಗಿದೆ?" ಅಂತ ಕೇಳಿದೆ. "ಈಗ ಅಷ್ಟೇನಿಲ್ಲ" ಅಂದರು. "ಹಾಗಾದ್ರೆ ನಾಳೆ ಹೋಗಲ್ವಾ?" ಅಂದೆ. ನಾನು ಮಡಚಿಟ್ಟ ಸೀರೆಯನ್ನು ಎತ್ತಿ ಬೀರುವಿನಲ್ಲಿಟ್ಟರು. ಆಮೇಲೆ, "ಹೋಗ್ಬರ್ತೀನಿ. ಗೂಡು ಕಟ್ಟಿವೆ, ಯಾರಾದ್ರೂ ಇರ್ಬೇಕಲ್ಲ" ಅಂದರು. ಗೋದಾಮಿನಲ್ಲಿ ಗೂಡು ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಬಾಯಿಂದ ಏನು ಬಂತು ಅನ್ನುವುದು ಅವರಿಗೇ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಬುತ್ತಿಯನ್ನು ಇಬ್ಬರಿಗಾಗುವಷ್ಟು ಕಟ್ಟಿದೆ. ಕೈಯಲ್ಲಿ ತೂಗಿ ನೋಡಿದರು. ಬಾಗಿಲವರೆಗೆ ಹೋದವರು ವಾಪಸ್ ಬಂದು, ಜೇಬಿನಿಂದ ಆ ಸೊಟ್ಟ ಚಮಚ ತೆಗೆದು ಮೇಜಿನ ಮೇಲಿಟ್ಟು ಹೋದರು.

ಅತ್ತಿಗೆ